ಗಟ್ಟಿ ನೆಲದ ಲೆಕ್ಕ: ಬೆಂಗಳೂರಿನ ಹೊರವಲಯ ಮತ್ತು ಭೂಕಂಪ ಅಧ್ಯಯನದ ಚರಿತ್ರೆ

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ವೈಟ್‌ಫೀಲ್ಡ್, ದಕ್ಷಿಣದಲ್ಲಿ ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ ಮತ್ತು ವಾಯವ್ಯದಲ್ಲಿ ತುಮಕೂರು ರಸ್ತೆಯ ಪೀಣ್ಯ ಕಳೆದ ಅರ್ಧ ಶತಮಾನದಲ್ಲಿ ರಾಗಿಹೊಲಗಳ ಸೀಮೆಯಿಂದ ಕಾರ್ಖಾನೆ, ಕಚೇರಿ ಮತ್ತು ವಸತಿ ಸಮುಚ್ಚಯಗಳ ದಟ್ಟ ಪಟ್ಟಿಗಳಾಗಿ ಬೆಳೆದಿವೆ. ಈ ಬೆಳವಣಿಗೆಗೆ ಕಾರಣಗಳನ್ನು ಎಣಿಸುವವರು ಹಿತವಾದ ಹವೆ, ವಿದ್ಯುತ್ತು, ವಿದ್ಯಾಸಂಸ್ಥೆಗಳು, ಸಾರ್ವಜನಿಕ ಉದ್ಯಮಗಳು ಎಂದು ಪಟ್ಟಿ ಮಾಡುತ್ತಾರೆ. ಈ ಎಲ್ಲವುಗಳ ಅಡಿಯಲ್ಲಿ, ಸಾಮಾನ್ಯವಾಗಿ ಮಾತಿಗೆ ಬಾರದೆ ಉಳಿದಿರುವ ಇನ್ನೊಂದು ಕಾರಣವೆಂದರೆ ಈ ನೆಲ ಅಲುಗುವುದಿಲ್ಲವೆಂಬ ನಂಬಿಕೆ. ಆ ನಂಬಿಕೆ ಎಲ್ಲಿಂದ ಬಂತು, ಅದನ್ನು ಅಳೆದು ನೋಡಿದವರು ಯಾರು, ಅಳತೆಗೆ ಸಿಕ್ಕಿದ್ದೇನು ಎಂಬುದರ ಚರಿತ್ರೆ ಇನ್ನೂರು ವರ್ಷಗಳಿಗೂ ಹಿಂದಕ್ಕೆ ಹೋಗುತ್ತದೆ. ಅದನ್ನು ಒಟ್ಟಾಗಿ ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಬೆಂಗಳೂರಿನ ಶಿಲೆಯ ಸ್ಥಿರತೆ ಬಹುಮಟ್ಟಿಗೆ ನಿಜ, ಆದರೆ ಶಿಲೆಯ ಸ್ಥಿರತೆಯಿಂದ ಅದರ ಮೇಲೆ ಕಟ್ಟಿದ್ದರ ಸುರಕ್ಷತೆ ತಾನಾಗಿಯೇ ಒದಗುವುದಿಲ್ಲ.

ಈ ಮೂರು ಪಟ್ಟಿಗಳೂ ನಿಂತಿರುವುದು ಭೂವಿಜ್ಞಾನಿಗಳು ಧಾರವಾಡ ಕ್ರೇಟಾನ್ ಎಂದು ಕರೆಯುವ ಭೂಭಾಗದ ಮೇಲೆ. ಪರ್ವತಗಳನ್ನು ಎಬ್ಬಿಸುವಂಥ ದೊಡ್ಡ ಚಲನೆಗಳಿಂದ ನೂರಾರು ಕೋಟಿ ವರ್ಷಗಳ ಕಾಲ ದೂರ ಉಳಿದು, ದಪ್ಪವಾಗಿ ತಣಿದು ಗಟ್ಟಿಯಾದ ಭೂಖಂಡದ ಹಳೆಯ ತುಣುಕಿಗೆ ಕ್ರೇಟಾನ್ ಎಂದು ಹೆಸರು. ಲಾಲ್‌ಬಾಗಿನ ಬಂಡೆಯಲ್ಲಿ ಎದ್ದು ಕಾಣುವ, ಸುಮಾರು 300 ಕೋಟಿ ವರ್ಷ ಹಳೆಯದಾದ, ಬಿಳಿ ಮತ್ತು ಕಪ್ಪು ಪಟ್ಟೆಗಳ ಶಿಲೆಯೇ ಇದರ ಮುಖ್ಯ ಭಾಗ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಇದನ್ನು ಪೆನಿನ್ಸುಲಾರ್ ನೈಸ್ ಎಂದು ಕರೆದರು. ನಗರದ ಪಶ್ಚಿಮಕ್ಕೆ, ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟ್ ಗ್ರಾನೈಟಿನ ಉದ್ದನೆಯ ಪಟ್ಟಿ ಉತ್ತರ ದಕ್ಷಿಣವಾಗಿ ಹಾದುಹೋಗುತ್ತದೆ. ಆದರೆ ಕಟ್ಟಡಗಳು ಎಲ್ಲ ಕಡೆಯೂ ಈ ಬಂಡೆಯನ್ನು ನೇರವಾಗಿ ಮುಟ್ಟುವುದಿಲ್ಲ. ಬಿಸಿಲು ಮತ್ತು ಮಳೆಗೆ ಸಿಕ್ಕಿ ಶಿಥಿಲವಾದ ಶಿಲೆ, ಅದರ ಮೇಲೆ ಕೆಂಪು ಮಣ್ಣು, ತಗ್ಗುಗಳಲ್ಲಿ ಕೆರೆಗಳ ಹೂಳು, ಈಚಿನ ವರ್ಷಗಳಲ್ಲಿ ಲಾರಿಗಳಲ್ಲಿ ತಂದು ಸುರಿದ ಭರ್ತಿ ಮಣ್ಣು ಹೀಗೆ ಬಂಡೆಗೂ ಕಟ್ಟಡಕ್ಕೂ ನಡುವೆ ಹಲವು ಪದರಗಳಿವೆ. ಈ ಸೀಮೆಯಲ್ಲಿ ಭೂಕಂಪದ ಅಧ್ಯಯನವು ಕಾಲಕ್ರಮದಲ್ಲಿ ಬಂಡೆಯಿಂದ ಮಣ್ಣಿಗೆ, ಮಣ್ಣಿನಿಂದ ಕಟ್ಟಡಕ್ಕೆ ತನ್ನ ಗಮನವನ್ನು ವಿಸ್ತರಿಸುತ್ತ ಬಂದಿದೆ.

ಈ ನೆಲವನ್ನು ಕರಾರುವಾಕ್ಕಾಗಿ ಅಳೆಯುವ ಮೊದಲ ಕೆಲಸ ನಡೆದದ್ದು ಭೂಕಂಪದ ಸಲುವಾಗಿ ಅಲ್ಲ. ನಾಲ್ಕನೆಯ ಮೈಸೂರು ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹೊರಗಿನ ಬಯಲಿನಲ್ಲಿ ಉಕ್ಕಿನ ಸರಪಳಿ ಹಿಡಿದು ಸುಮಾರು 12 ಕಿಲೋಮೀಟರ್ ಉದ್ದದ ಒಂದು ಸರಳರೇಖೆಯನ್ನು ಅಳೆದರು. ಒಂದು ರೇಖೆಯ ಉದ್ದ ನಿಖರವಾಗಿ ತಿಳಿದರೆ, ಅದರ ಎರಡು ತುದಿಗಳಿಂದ ದೂರದ ಬೆಟ್ಟಗಳನ್ನು ನೋಡಿ ಕೋನಗಳನ್ನು ಅಳೆಯುವ ಮೂಲಕ ತ್ರಿಭುಜಗಳ ಜಾಲವನ್ನು ಹರಡುತ್ತ ಹೋಗಬಹುದು. ಮುಂದೆ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ ಎಂದು ಪ್ರಸಿದ್ಧವಾದ ಭಾರತದ ಮಹಾ ಭೂಮಾಪನ ಹೀಗೆಯೇ ಬೆಳೆಯಿತು. 1868ರಲ್ಲಿ ಇನ್ನೂ ಉತ್ತಮ ಸಾಧನಗಳಿಂದ ಬೆಂಗಳೂರಿನ ಉತ್ತರಕ್ಕೆ, ಈಗಿನ ಮೇಖ್ರಿ ವೃತ್ತದ ಬಳಿಯಿಂದ ಕಣ್ಣೂರು ಗ್ರಾಮದವರೆಗೆ, ಮತ್ತೊಂದು ಆಧಾರರೇಖೆಯನ್ನು ಅಳೆಯಲಾಯಿತು. ದಕ್ಷಿಣ ಭಾರತದ ಬೆಟ್ಟಗಳ ನೆತ್ತಿಯ ಮೇಲೆ ಈ ಭೂಮಾಪಕರು ಕೊರೆದಿಟ್ಟ ಗುರುತುಗಳು ಒಂದು ಶತಮಾನಕ್ಕೂ ಮಿಕ್ಕ ಕಾಲದ ನಂತರ ಭೂಕಂಪ ವಿಜ್ಞಾನಿಗಳ ಕೈಗೆ ಅಮೂಲ್ಯ ಸಾಕ್ಷ್ಯವಾಗಿ ಒದಗಿದವು.

ನೆಲ ನಡುಗಿದ ಘಟನೆಗಳ ದಾಖಲೆಯೂ 19ನೆಯ ಶತಮಾನದಲ್ಲಿಯೇ ಆರಂಭವಾಯಿತು. 1843ರ ಏಪ್ರಿಲ್ 1ರಂದು ಬಳ್ಳಾರಿ ಸೀಮೆಯಲ್ಲಿ ಆದ ಕಂಪನವು ಕರ್ನೂಲಿನಿಂದ ಸೊಲ್ಲಾಪುರದವರೆಗೆ ಅನುಭವಕ್ಕೆ ಬಂದಿತ್ತು. ಇಂಥ ವರದಿಗಳನ್ನು ಥಾಮಸ್ ಓಲ್ಡ್‌ಹ್ಯಾಮ್ ಕಲೆಹಾಕಿದ ಭಾರತದ ಭೂಕಂಪಗಳ ಪಟ್ಟಿ 1883ರಲ್ಲಿ ಪ್ರಕಟವಾಯಿತು. 1897ರ ಅಸ್ಸಾಂ ಮಹಾಭೂಕಂಪದ ಆಸುಪಾಸಿನ ವರ್ಷಗಳಲ್ಲಿ ಮುಂಬಯಿ, ಕಲ್ಕತ್ತ ಮತ್ತು ಕೊಡೈಕೆನಾಲಿನಲ್ಲಿ ಜಾನ್ ಮಿಲ್ನ್ ರೂಪಿಸಿದ ಭೂಕಂಪಮಾಪಕಗಳು ಸ್ಥಾಪನೆಗೊಂಡವು. ತೂಗುಬಿಟ್ಟ ಭಾರವೊಂದು ತನ್ನ ಜಡತ್ವದಿಂದ ನಿಂತಲ್ಲೇ ನಿಲ್ಲಲು ಯತ್ನಿಸುವಾಗ ಕೆಳಗಿನ ನೆಲ ಎಷ್ಟು ಸರಿಯಿತೆಂಬುದನ್ನು ಕಾಗದದ ಮೇಲೆ ದಾಖಲಿಸುವುದು ಈ ಉಪಕರಣದ ತತ್ತ್ವ. 1900ರ ಫೆಬ್ರುವರಿ 8ರಂದು ಕೊಯಮತ್ತೂರು ಸೀಮೆಯಲ್ಲಿ ಸಂಭವಿಸಿದ, ಪರಿಮಾಣ ಸುಮಾರು 6 ಎಂದು ಅಂದಾಜಾಗಿರುವ ಭೂಕಂಪ ಮೈಸೂರು ಸಂಸ್ಥಾನವೂ ಸೇರಿದಂತೆ ದಕ್ಷಿಣ ಭಾರತದ ಬಹುಭಾಗವನ್ನು ನಡುಗಿಸಿತು. ಪರಿಮಾಣವೆಂಬುದು ಭೂಕಂಪ ಹುಟ್ಟಿದ ಸ್ಥಳದಲ್ಲಿ ಬಿಡುಗಡೆಯಾದ ಶಕ್ತಿಯ ಅಳತೆ. ಅದು ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ತೀವ್ರತೆಯೆಂಬುದು ಬೇರೆ, ಅದು ಒಂದು ನಿರ್ದಿಷ್ಟ ಊರಿನಲ್ಲಿ ನಡುಕ ಎಷ್ಟು ಬಲವಾಗಿತ್ತು, ಏನೇನು ಬಿದ್ದಿತು ಎಂಬುದರ ಅಳತೆ. ಒಂದೇ ಭೂಕಂಪಕ್ಕೆ ಪರಿಮಾಣ ಒಂದೇ ಇದ್ದರೂ ತೀವ್ರತೆ ಊರಿಂದೂರಿಗೆ, ಕೆಲವೊಮ್ಮೆ ಬೀದಿಯಿಂದ ಬೀದಿಗೆ ಬದಲಾಗುತ್ತದೆ.

ಭೂಕಂಪ ಏಕೆ ಆಗುತ್ತದೆಂಬ ಪ್ರಶ್ನೆಗೆ ಇಂದಿಗೂ ತಳಹದಿಯಾಗಿರುವ ಉತ್ತರ 1906ರ ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪದ ಅಧ್ಯಯನದಿಂದ ಬಂದಿತು. ಅಲ್ಲಿಯೂ ಹಳೆಯ ಭೂಮಾಪನದ ಗುರುತುಗಳೇ ಸಾಕ್ಷಿ ನುಡಿದವು. ಭೂಕಂಪಕ್ಕೆ ಮೊದಲು ಮತ್ತು ಆಮೇಲೆ ಮಾಡಿದ ಅಳತೆಗಳನ್ನು ಹೋಲಿಸಿದ ಹ್ಯಾರಿ ಫೀಲ್ಡಿಂಗ್ ರೀಡ್, ಶಿಲೆಯಲ್ಲಿನ ಬಿರುಕಿನ ಎರಡೂ ಬದಿಗಳು ಪರಸ್ಪರ ಕಚ್ಚಿಕೊಂಡು ನಿಂತಿರುವಾಗ ದೂರದ ಭಾಗಗಳು ನಿಧಾನವಾಗಿ ಸರಿಯುತ್ತಲೇ ಇರುತ್ತವೆ, ಇದರಿಂದ ಶಿಲೆಯು ಬಗ್ಗಿಸಿದ ಬಿದಿರಿನಂತೆ ಒತ್ತಡವನ್ನು ಕೂಡಿಟ್ಟುಕೊಳ್ಳುತ್ತದೆ, ಕಚ್ಚಿಕೊಂಡಿರುವ ಘರ್ಷಣೆಯ ಬಲವನ್ನು ಆ ಒತ್ತಡ ಮೀರಿದ ಕ್ಷಣದಲ್ಲಿ ಎರಡೂ ಬದಿಗಳು ಸರ್ರನೆ ಜಾರುತ್ತವೆ ಎಂದು ವಿವರಿಸಿದರು. ಹೀಗೆ ಜಾರುವ ಬಿರುಕಿಗೆ ಸ್ತರಭಂಗ ಎಂದು ಹೆಸರು. ಜಾರುವಿಕೆ ಮೊದಲುಗೊಂಡ ಆಳದ ಬಿಂದು ಭೂಕಂಪದ ನಾಭಿ, ಅದರ ನೇರ ಮೇಲಿರುವ ನೆಲದ ಬಿಂದು ಅಧಿಕೇಂದ್ರ. ನಾಭಿಯಲ್ಲಿ ಆರಂಭವಾದ ಸೀಳು ಸ್ತರಭಂಗದ ಉದ್ದಕ್ಕೂ ಸೆಕೆಂಡಿಗೆ 2ರಿಂದ 3 ಕಿಲೋಮೀಟರ್ ವೇಗದಲ್ಲಿ ಹರಿಯುತ್ತದೆ, ಎಷ್ಟು ದೂರ ಹರಿಯಿತೆಂಬುದರ ಮೇಲೆ ಭೂಕಂಪದ ಪರಿಮಾಣ ನಿರ್ಧಾರವಾಗುತ್ತದೆ.

ಭೂಕಂಪ ಹುಟ್ಟುವ ಈ ಕ್ರಿಯೆಯನ್ನು ಅದು ಹುಟ್ಟುವ ಆಳಕ್ಕೇ ಇಳಿದು ನೋಡುವ ಅವಕಾಶ ಜಗತ್ತಿನಲ್ಲಿ ಕೆಲವೇ ಕಡೆ ಇತ್ತು, ಅವುಗಳಲ್ಲಿ ಒಂದು ವೈಟ್‌ಫೀಲ್ಡಿನಿಂದ ಪೂರ್ವಕ್ಕೆ ಹೋಗುವ ಹಳೆಯ ಮದರಾಸು ರಸ್ತೆಯ ಆಚೆಗಿರುವ ಕೋಲಾರ ಚಿನ್ನದ ಗಣಿ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತದಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭವಾದ ಗಣಿಗಾರಿಕೆ ಚಾಂಪಿಯನ್ ರೀಫ್ ಗಣಿಯಲ್ಲಿ 3 ಕಿಲೋಮೀಟರಿಗೂ ಹೆಚ್ಚಿನ ಆಳವನ್ನು ಮುಟ್ಟಿತು. ಅಷ್ಟು ಆಳದಲ್ಲಿ ಮೇಲಿನ ಶಿಲೆಯ ಭಾರವೇ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 800 ಕಿಲೋಗ್ರಾಂ ಆಗುತ್ತದೆ. ಅದಿರನ್ನು ಕಡಿದು ತೆಗೆದಂತೆ, ಖಾಲಿಯಾದ ಜಾಗ ಹೊರುತ್ತಿದ್ದ ಭಾರವೆಲ್ಲ ಪಕ್ಕದ ಶಿಲೆಯ ಮೇಲೆ ಬೀಳುತ್ತದೆ. ಆ ಶಿಲೆ ತಾಳಲಾರದೆ ಒಮ್ಮೆಗೇ ಸಿಡಿಯುವುದನ್ನು ಶಿಲಾಸ್ಫೋಟ ಎನ್ನುತ್ತಾರೆ. ಗಣಿಯವರು ಅದನ್ನು ಏರ್ ಬ್ಲಾಸ್ಟ್ ಎಂದು ಕರೆಯುತ್ತಿದ್ದರು, ಏಕೆಂದರೆ ಸಿಡಿದ ಕಲ್ಲಿನ ಜೊತೆಗೆ ಸುರಂಗದುದ್ದಕ್ಕೂ ನುಗ್ಗುವ ಗಾಳಿಯ ಹೊಡೆತವೂ ಜೀವ ತೆಗೆಯುತ್ತಿತ್ತು. ಈ ಸ್ಫೋಟಗಳ ಬಗ್ಗೆ ಸ್ಮೀತ್ ಬರೆದ ವರದಿಯನ್ನು ಮೈಸೂರು ಭೂವಿಜ್ಞಾನ ಇಲಾಖೆ 1904ರಲ್ಲಿ ಪ್ರಕಟಿಸಿತು. ಕರ್ನಾಟಕದಲ್ಲಿ ನೆಲದ ನಡುಕದ ಕುರಿತು ನಡೆದ ವ್ಯವಸ್ಥಿತ ಅಧ್ಯಯನಗಳಲ್ಲಿ ಅದು ಮೊದಲ ಸಾಲಿನದು.

ಕೋಲಾರದ ಶಿಲಾಸ್ಫೋಟಗಳು ಎಲ್ಲವೂ ಒಂದೇ ಬಗೆಯವಾಗಿರಲಿಲ್ಲ. ಕೆಲವು ಸುರಂಗದ ಗೋಡೆಯ ಕಲ್ಲು ಸಿಡಿಯುವಷ್ಟಕ್ಕೇ ಮುಗಿಯುತ್ತಿದ್ದವು, ಕೆಲವು ಗಣಿಯ ಆಧಾರಕ್ಕೆಂದು ಕಡಿಯದೆ ಬಿಟ್ಟ ಶಿಲಾಕಂಬಗಳನ್ನೇ ಪುಡಿಮಾಡುತ್ತಿದ್ದವು, ಇನ್ನು ಕೆಲವು ಮೈಸೂರು ನಾರ್ತ್ ಫಾಲ್ಟ್ ಎಂದು ಗಣಿಯವರು ಹೆಸರಿಸಿದ ಹಳೆಯ ಸ್ತರಭಂಗದ ಆಸುಪಾಸಿನಲ್ಲಿ ಒಂದರ ಹಿಂದೊಂದು ದಿನಗಟ್ಟಲೆ ನಡೆದು ಮೇಲಿನ ಪಟ್ಟಣದ ಮನೆಗಳನ್ನೂ ನಡುಗಿಸುತ್ತಿದ್ದವು. ಕೊನೆಯ ಬಗೆಯವು ಎಲ್ಲ ಲಕ್ಷಣಗಳಲ್ಲಿಯೂ ಸಣ್ಣ ಭೂಕಂಪಗಳೇ. 1978ರಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರವು, ಗಣಿಯನ್ನು ಆಗ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಜೊತೆಗೂಡಿ, ಗಣಿ ಪ್ರದೇಶದಲ್ಲಿ ಕಂಪನಗ್ರಾಹಕಗಳ ಜಾಲವೊಂದನ್ನು ಸ್ಥಾಪಿಸಿತು, 1988ರಲ್ಲಿ ಅಲ್ಲಿಯೇ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಎಂಬ ಶಿಲಾಬಲವಿಜ್ಞಾನದ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಕೆಲಸ ನಿಲ್ಲಿಸಿದ ಆಳದ ಭಾಗಗಳಲ್ಲಿ ನೀರು ತುಂಬುತ್ತ ಬಂದಾಗಲೂ ಕಂಪನಗಳು ಮುಂದುವರಿದದ್ದನ್ನು ಸಂಶೋಧಕರು ಗಮನಿಸಿದರು. ಬಿರುಕಿನೊಳಗೆ ಸೇರಿದ ನೀರಿನ ಒತ್ತಡವು ಅದರ ಎರಡು ಬದಿಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ ಎಂಬುದು ಇದರ ಹಿಂದಿನ ವಿವರಣೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಪ್ರಾಚೀನವೂ ಗಟ್ಟಿಯೂ ಆದ ಧಾರವಾಡ ಶಿಲೆಯೊಳಗೇ ಒತ್ತಡ ಕೂಡಬಲ್ಲದು, ಅದು ಎಲ್ಲೆ ಮೀರಿದಾಗ ಅದೇ ಶಿಲೆ ಸೀಳಬಲ್ಲದು ಎಂಬುದನ್ನು ಸಾವಿರಾರು ಗಣಿ ಕಾರ್ಮಿಕರು ತಮ್ಮ ಮೈಮೇಲೆ ಅಪಾಯ ತೆಗೆದುಕೊಂಡು ಕಲಿತ ಪಾಠವೆಂದು ಚರಿತ್ರೆ ನೆನೆಯಬೇಕು.

ಕೋಲಾರದಲ್ಲಿ ನೆಲ ನಡುಗುತ್ತಿದ್ದುದು ಅಧ್ಯಯನಕ್ಕೆ ಕಾರಣವಾದರೆ, ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನಲ್ಲಿ ನೆಲ ನಡುಗದೆ ಇದ್ದುದೇ ಅಧ್ಯಯನಕ್ಕೆ ಕಾರಣವಾಯಿತು. 1963ರ ಒಪ್ಪಂದವು ಗಾಳಿ, ನೀರು ಮತ್ತು ಬಾಹ್ಯಾಕಾಶದಲ್ಲಿ ಪರಮಾಣು ಪರೀಕ್ಷೆಗಳನ್ನು ನಿಷೇಧಿಸಿ ನೆಲದಡಿಯ ಪರೀಕ್ಷೆಗಳನ್ನು ಹೊರಗಿಟ್ಟಿತ್ತು. ಆದ್ದರಿಂದ ದೂರದ ದೇಶದಲ್ಲಿ ನಡೆದದ್ದು ಭೂಕಂಪವೋ ಪರಮಾಣು ಸ್ಫೋಟವೋ ಎಂದು ನಿರ್ಣಯಿಸಬಲ್ಲ ಕೇಂದ್ರಗಳು ಜಗತ್ತಿಗೆ ಬೇಕಾದವು. ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಕಾರದೊಂದಿಗೆ ಸ್ಕಾಟ್ಲೆಂಡ್, ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ನಿರ್ಮಾಣವಾದ ಭೂಕಂಪಮಾಪಕ ಶ್ರೇಣಿಗಳ ಸಾಲಿಗೆ 1965ರಲ್ಲಿ ಗೌರಿಬಿದನೂರು ಸೇರಿತು. ಇಪ್ಪತ್ತು ಕಂಪನಮಾಪಕಗಳನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ, ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಎರಡು ಬಾಹುಗಳಲ್ಲಿ ಹೂಳಲಾಯಿತು. ದೂರದ ಅಲೆಯೊಂದು ಬಂದಾಗ ಅದು ಒಂದೊಂದು ಮಾಪಕವನ್ನು ತಲುಪುವ ಸಮಯದಲ್ಲಿ ಅಲ್ಪ ವ್ಯತ್ಯಾಸವಿರುತ್ತದೆ, ಆ ವ್ಯತ್ಯಾಸದಿಂದ ಅಲೆ ಬಂದ ದಿಕ್ಕನ್ನೂ ದೂರವನ್ನೂ ಲೆಕ್ಕಹಾಕಬಹುದು, ಎಲ್ಲ ಮಾಪಕಗಳ ದಾಖಲೆಗಳನ್ನು ಸಮಯ ಹೊಂದಿಸಿ ಕೂಡಿದರೆ ಸ್ಥಳೀಯ ಗದ್ದಲ ಅಡಗಿ ಕ್ಷೀಣ ಸಂಕೇತವೂ ಎದ್ದು ಕಾಣುತ್ತದೆ. ಸ್ಫೋಟವು ಸುತ್ತಲಿನ ಶಿಲೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ನೂಕುತ್ತದೆ, ಭೂಕಂಪದಲ್ಲಿ ಒಂದು ಬದಿ ಇನ್ನೊಂದನ್ನು ಉಜ್ಜಿಕೊಂಡು ಜಾರುತ್ತದೆ. ಈ ಭೇದವು ಅಲೆಗಳ ರೂಪದಲ್ಲಿ ಉಳಿದುಬರುತ್ತದೆಂಬುದೇ ಈ ವಿದ್ಯೆಯ ತಿರುಳು.

ಬಂಡೆಯ ಈ ನಿಶ್ಶಬ್ದತೆ ವಿಜ್ಞಾನಿಗಳಿಗೆ ಉಪಕರಣವಾದ ಕಾಲದಲ್ಲಿಯೇ ಯೋಜಕರಿಗೆ ಅದು ಭರವಸೆಯಾಯಿತು. 1962ರಲ್ಲಿ ಭಾರತೀಯ ಮಾನಕ ಸಂಸ್ಥೆ ಪ್ರಕಟಿಸಿದ ಮೊದಲ ಭೂಕಂಪ ಸಂಹಿತೆ ಐಎಸ್ 1893, ದೇಶವನ್ನು ಸೊನ್ನೆಯಿಂದ ಆರರವರೆಗಿನ ಏಳು ವಲಯಗಳಾಗಿ ವಿಂಗಡಿಸಿ, ದಕ್ಷಿಣದ ಪ್ರಸ್ಥಭೂಮಿಯ ಬಹುಭಾಗವನ್ನು ಸೊನ್ನೆಯಲ್ಲಿ ಇಟ್ಟಿತು. ಸುಮಾರು ಐದು ವರ್ಷಗಳ ಬಳಿಕ, 1967ರ ಡಿಸೆಂಬರಿನಲ್ಲಿ, ಮಹಾರಾಷ್ಟ್ರದ ಕೊಯ್ನಾ ಜಲಾಶಯದ ಬಳಿ ಪರಿಮಾಣ 6.3ರ ಭೂಕಂಪ ಸಂಭವಿಸಿತು. ಜಲಾಶಯದ ನೀರು ಆಳದ ಬಿರುಕುಗಳ ಹಿಡಿತವನ್ನು ಸಡಿಲಿಸಿ ಭೂಕಂಪವನ್ನು ಪ್ರಚೋದಿಸಬಲ್ಲದೆಂಬುದಕ್ಕೆ ಅದು ಜಗತ್ತಿನ ಪ್ರಮುಖ ಉದಾಹರಣೆಯಾಯಿತು. 1970ರ ಪರಿಷ್ಕರಣೆಯಲ್ಲಿ ಸೊನ್ನೆ ವಲಯ ಎಂಬುದೇ ಇಲ್ಲವಾಯಿತು. ಬೆಂಗಳೂರು ಆಗ ಕನಿಷ್ಠ ಅಪಾಯದ ಮೊದಲನೆಯ ವಲಯದಲ್ಲಿ ಉಳಿಯಿತು, ಆ ದಶಕದ ಕೊನೆಯ ವರ್ಷಗಳಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯತೊಡಗಿತು. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ತನ್ನ ಮುಖ್ಯಸ್ಥ ಆರ್. ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಮುದಾಯಕ್ಕೆ ನೀಡಿದ ಭೂಮಿಯಲ್ಲಿ ಕೃಷಿ ವಸಾಹತಾಗಿ ಹುಟ್ಟಿದ್ದ ವೈಟ್‌ಫೀಲ್ಡ್ 1990ರ ದಶಕದಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕಿನ ಮೂಲಕ ಈ ಸಾಲಿಗೆ ಬಂದಿತು.

ಆ ದಶಕದ ಆರಂಭದಲ್ಲಿಯೇ ಗಟ್ಟಿ ನೆಲದ ಭರವಸೆಗೆ ಬಹು ದೊಡ್ಡ ಪೆಟ್ಟು ಬಿದ್ದಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಕಲಬುರಗಿ ಮತ್ತು ಬೀದರ್ ಗಡಿಗೆ ಹತ್ತಿರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಪರಿಮಾಣ ಸುಮಾರು 6.2ರ ಭೂಕಂಪವಾಗಿ, ಬೇರೆ ಬೇರೆ ಲೆಕ್ಕಗಳ ಪ್ರಕಾರ ಸುಮಾರು 8,000ದಿಂದ 10,000 ಜನ ಸತ್ತರು. ಆ ಪ್ರದೇಶವೂ ಬೆಂಗಳೂರಿನಂತೆಯೇ ಮೊದಲನೆಯ ವಲಯದಲ್ಲಿತ್ತು. ಭೂಕಂಪದ ನಾಭಿ ಹೆಚ್ಚು ಆಳವಿರಲಿಲ್ಲ, ಜನ ಮಲಗಿದ್ದ ಹೊತ್ತು, ಮಣ್ಣಿನ ಗಾರೆಯಲ್ಲಿ ಉರುಟು ಕಲ್ಲುಗಳನ್ನು ಪೇರಿಸಿ ಮೇಲೆ ಭಾರದ ಮಣ್ಣಿನ ಮಾಳಿಗೆ ಹೊರಿಸಿದ ಮನೆಗಳು. ಪರಿಮಾಣದ ದೃಷ್ಟಿಯಿಂದ ಮಧ್ಯಮ ಎನ್ನಬಹುದಾದ ಭೂಕಂಪ ಮಹಾದುರಂತವಾದುದಕ್ಕೆ ಇವೇ ಕಾರಣಗಳು. ಕಿಲ್ಲಾರಿಯ ಬಳಿಕ ದಕ್ಷಿಣ ಭಾರತದ ವಿಜ್ಞಾನಿಗಳ ಮುಂದೆ ನಿಂತ ಪ್ರಶ್ನೆ ಸರಳವೂ ಕಠಿಣವೂ ಆಗಿತ್ತು. ಭೂಮಿಯ ಹೊರಚಿಪ್ಪಿನ ಚಲಿಸುವ ಫಲಕಗಳ ಅಂಚಿನಿಂದ ಇಷ್ಟು ದೂರದಲ್ಲಿರುವ ಹಳೆಯ ನೆಲದಲ್ಲಿ ಒತ್ತಡ ನಿಜವಾಗಿ ಎಷ್ಟು ವೇಗವಾಗಿ ಕೂಡುತ್ತಿದೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸದಲ್ಲಿ ಬೆಂಗಳೂರು ಮತ್ತೆ ಆಧಾರಬಿಂದುವಾಯಿತು. ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಆವರಣದಲ್ಲಿದ್ದ ಸಿ-ಮ್ಯಾಕ್ಸ್ ಸಂಸ್ಥೆಯಲ್ಲಿ ವಿನೋದ್ ಕೆ. ಗೌರ್ ಮತ್ತು ಅವರ ಸಹೋದ್ಯೋಗಿಗಳು, ರೋಜರ್ ಬಿಲ್ಹ್ಯಾಮ್ ಮುಂತಾದ ವಿದೇಶಿ ವಿಜ್ಞಾನಿಗಳ ಜೊತೆಗೂಡಿ, 1990ರ ದಶಕದಲ್ಲಿ ಉಪಗ್ರಹಗಳ ಸಂಕೇತದಿಂದ ಸ್ಥಾನವನ್ನು ಮಿಲಿಮೀಟರುಗಳ ಮಟ್ಟದಲ್ಲಿ ಅಳೆಯುವ ಜಿಪಿಎಸ್ ವಿಧಾನವನ್ನು ಬಳಸತೊಡಗಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾಯಂ ಜಿಪಿಎಸ್ ಕೇಂದ್ರವೊಂದು ಸ್ಥಾಪನೆಯಾಯಿತು. 1800ರ ಸರಪಳಿಯಿಂದ ಹುಟ್ಟಿದ ಮಹಾ ಭೂಮಾಪನದ ಹಳೆಯ ಬಿಂದುಗಳನ್ನು ದಕ್ಷಿಣದ ಬೆಟ್ಟಗಳ ಮೇಲೆ ಹುಡುಕಿ ಮತ್ತೆ ಅಳೆದು, 1864ರಿಂದ 1994ರವರೆಗಿನ 130 ವರ್ಷಗಳಲ್ಲಿ ಆ ತ್ರಿಭುಜಗಳ ಆಕಾರ ಬದಲಾಗಿದೆಯೇ ಎಂದು ಈ ತಂಡ ಪರೀಕ್ಷಿಸಿತು. ಅಳತೆಯ ದೋಷದ ಮಿತಿಯನ್ನು ಮೀರಿದ ಗಮನಾರ್ಹ ವಿರೂಪ ಕಾಣಲಿಲ್ಲ. ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ವೇಗದಲ್ಲಿ ಈಶಾನ್ಯಕ್ಕೆ ಸಾಗುತ್ತಿದೆ, ಆದರೆ ಇಡೀ ದಕ್ಷಿಣ ಭಾರತ ಒಂದೇ ತುಂಡಾಗಿ ಅದರೊಂದಿಗೆ ಸಾಗುತ್ತಿದೆ. ಈ ಚಲನೆಯಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟು ಹಿಮಾಲಯದ ಮಡಿಕೆಗಳಲ್ಲಿ ಒತ್ತಡವಾಗಿ ಪರಿಣಮಿಸುತ್ತಿದೆ. ಹಿಮಾಲಯ ಎಷ್ಟು ಒತ್ತಿಹೋಗುತ್ತಿದೆ ಎಂಬುದನ್ನು ಅಳೆಯಲು ಭಾರತದ ಫಲಕದೊಳಗೆ ಅಲುಗದ ಹೋಲಿಕೆಯ ಬಿಂದುವೊಂದು ಬೇಕು, ಆ ಬಿಂದುವಿನ ಸ್ಥಾನವನ್ನು ಬೆಂಗಳೂರು ವಹಿಸಿತು.

ಈ ಫಲಿತಾಂಶವನ್ನು ನಿಶ್ಚಿಂತೆಯ ಪ್ರಮಾಣಪತ್ರವೆಂದು ಓದುವುದು ಸರಿಯಲ್ಲ. ಒತ್ತಡ ಅತ್ಯಂತ ನಿಧಾನವಾಗಿ ಕೂಡುತ್ತಿದ್ದರೆ ಒಂದು ಸ್ತರಭಂಗ ಎರಡು ಬಾರಿ ಜಾರುವ ನಡುವಿನ ಅವಧಿ ಸಾವಿರಾರು ವರ್ಷಗಳಾಗಬಹುದು, ಹಾಗಾದಾಗ ಇನ್ನೂರು ವರ್ಷಗಳ ಲಿಖಿತ ದಾಖಲೆಯಲ್ಲಿ ಒಂದು ಜಾಗದ ಹೆಸರು ಇಲ್ಲದಿರುವುದು ಅಲ್ಲಿ ಏನೂ ಆಗದು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಸುಬ್ರಹ್ಮಣ್ಯ 1996ರಲ್ಲಿ, ಪಶ್ಚಿಮ ಕರಾವಳಿಯ ಮೂಲ್ಕಿಯಿಂದ ಪೂರ್ವ ಕರಾವಳಿಯ ಪುಲಿಕಾಟ್ ಸರೋವರದವರೆಗೆ, ಬೆಂಗಳೂರಿನ ಅಕ್ಷಾಂಶವೇ ಆದ 13 ಡಿಗ್ರಿಯ ಆಸುಪಾಸಿನಲ್ಲಿ ನೆಲ ಮಂದವಾಗಿ ಮೇಲೇಳುತ್ತಿರುವ ಅಕ್ಷವೊಂದಿದೆ ಎಂದು ನದಿಗಳ ಹರಿವು ಮತ್ತು ಕರಾವಳಿಯ ಲಕ್ಷಣಗಳನ್ನು ಆಧರಿಸಿ ವಾದಿಸಿದರು. ಉಪಗ್ರಹ ಚಿತ್ರಗಳಲ್ಲಿ ಗೆರೆಗಳಂತೆ ಕಾಣುವ ಕಣಿವೆ ಮತ್ತು ಬಿರುಕುಗಳ ಸಾಲುಗಳಲ್ಲಿ ಕೆಲವು ಬೆಂಗಳೂರಿನ ಹತ್ತಿರವೇ ಹಾದುಹೋಗುತ್ತವೆ. ಗುಜರಾತಿನ ಭುಜ್ ಭೂಕಂಪವಾದ ಮೂರನೆಯ ದಿನ, 2001ರ ಜನವರಿ 29ರಂದು, ಬೆಂಗಳೂರಿನ ನೈರುತ್ಯದ ಸೀಮೆಯಲ್ಲಿ ಪರಿಮಾಣ ಸುಮಾರು 4.3ರ ಕಂಪನವಾಗಿ ನಗರದ ಜನ ಬೀದಿಗೆ ಬಂದಿದ್ದರು. 2002ರ ಸಂಹಿತೆಯಲ್ಲಿ ಮೊದಲನೆಯ ವಲಯವನ್ನು ಎರಡನೆಯದರಲ್ಲಿ ಸೇರಿಸಲಾಯಿತು, ಬೆಂಗಳೂರು ಎರಡನೆಯ ವಲಯದ ನಗರವಾಯಿತು.

ಇದೇ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಇಂಜಿನಿಯರಿಂಗ್ ವಿಭಾಗದ ಟಿ. ಜಿ. ಸೀತಾರಾಂ ಮತ್ತು ಪಿ. ಅನ್ಬಳಗನ್ ಬೆಂಗಳೂರಿನ ಕಿರುವಲಯ ವಿಂಗಡಣೆಯನ್ನು ಕೈಗೊಂಡರು. ಇಡೀ ನಗರಕ್ಕೆ ಒಂದೇ ಅಂಕ ಕೊಡುವ ಬದಲು, ಬಡಾವಣೆ ಬಡಾವಣೆಯ ಮಣ್ಣನ್ನು ಪರೀಕ್ಷಿಸಿ ಎಲ್ಲೆಲ್ಲಿ ನಡುಕ ಹೆಚ್ಚಾಗಬಹುದೆಂದು ನಕ್ಷೆ ಮಾಡುವುದು ಈ ವಿಧಾನ. ನಗರದ ಸುತ್ತ 350 ಕಿಲೋಮೀಟರ್ ವ್ಯಾಪ್ತಿಯ ಹಳೆಯ ಭೂಕಂಪಗಳನ್ನೂ ಬಿರುಕಿನ ಸಾಲುಗಳನ್ನೂ ಪರಿಶೀಲಿಸಿದ ಅವರು, ಮಂಡ್ಯ, ಚನ್ನಪಟ್ಟಣ, ಬೆಂಗಳೂರು ಮಾರ್ಗವಾಗಿ ಹಾದುಹೋಗುವ ಸಾಲಿನಲ್ಲಿ ಪರಿಮಾಣ 5.1ರ ಭೂಕಂಪ ಸಂಭವಿಸಬಹುದೆಂದು ಪರಿಗಣಿಸಿ, ಅದರಿಂದ ಬಂಡೆಯ ಮಟ್ಟದಲ್ಲಿ ಗುರುತ್ವದ ಸುಮಾರು ಶೇಕಡಾ 15ರಷ್ಟು ವೇಗೋತ್ಕರ್ಷ ಉಂಟಾಗಬಹುದೆಂದು ಲೆಕ್ಕ ಹಾಕಿದರು. ಎರಡನೆಯ ವಲಯಕ್ಕೆ 2002ರ ಸಂಹಿತೆ ಹಿಡಿದಿದ್ದ ವಲಯಾಂಕ 0.10, ಅಂದರೆ ಗುರುತ್ವದ ಶೇಕಡಾ 10. ಅಧ್ಯಯನದ ಕ್ಷೇತ್ರ ಅಂದಿನ ಮಹಾನಗರ ಪಾಲಿಕೆಯ ಸುಮಾರು 220 ಚದರ ಕಿಲೋಮೀಟರ್. ವೈಟ್‌ಫೀಲ್ಡನ್ನು ಒಳಗೊಂಡ ಮಹದೇವಪುರ ಆಗ ಬೇರೆ ನಗರಸಭೆ, ಪೀಣ್ಯದ ಬಹುಭಾಗ ದಾಸರಹಳ್ಳಿ ನಗರಸಭೆಯಲ್ಲಿತ್ತು, ಅವು ಬೃಹತ್ ಬೆಂಗಳೂರಿನೊಳಗೆ ಬಂದದ್ದು 2007ರಲ್ಲಿ; ಎಲೆಕ್ಟ್ರಾನಿಕ್ ಸಿಟಿ ಆ ಬಳಿಕವೂ ಪ್ರತ್ಯೇಕವಾಗಿ ಉಳಿದು 2013ರಲ್ಲಿ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವನ್ನು ಪಡೆಯಿತು. ಹೀಗೆ ನಗರದಲ್ಲಿ ಅತಿ ವೇಗವಾಗಿ ಮೇಲೇಳುತ್ತಿದ್ದ ಕಟ್ಟಡಗಳ ನೆಲವೇ ಅತಿ ಮುಖ್ಯವಾದ ಆ ಅಧ್ಯಯನದ ಗಡಿಯಾಚೆ ಉಳಿದುಹೋಯಿತು.

ಆ ಅಧ್ಯಯನದ ತಿಳಿವಳಿಕೆ ಗಡಿಯಾಚೆಗೂ ಅನ್ವಯಿಸುತ್ತದೆ. ಬಂಡೆಯಲ್ಲಿ ವೇಗವಾಗಿ ಬರುವ ಅಲೆ ಮೆತ್ತನೆಯ ಮಣ್ಣನ್ನು ಹೊಕ್ಕಾಗ ನಿಧಾನವಾಗುತ್ತದೆ, ನಿಧಾನವಾದಂತೆ ಅದರ ತೂಗಾಟ ಹಿಗ್ಗುತ್ತದೆ. ಪ್ರತಿ ಮಣ್ಣಿನ ಪದರಕ್ಕೂ ಪ್ರತಿ ಕಟ್ಟಡಕ್ಕೂ ತನ್ನದೇ ಆದ ಸಹಜ ಲಯವಿದೆ. ಇವೆರಡೂ ಒಂದಾದಾಗ ಕಟ್ಟಡದ ಓಲಾಟ ಅತಿಯಾಗಿ ಬೆಳೆಯುತ್ತದೆ, ಇದಕ್ಕೆ ಅನುರಣನೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ಬಂಡೆಯ ಮೇಲಿನ ಮಣ್ಣು ಬಹಳ ಕಡೆ ತೆಳ್ಳಗಿರುವುದರಿಂದ ಅದರ ಸಹಜ ಲಯ ಸೆಕೆಂಡಿಗೆ ಸುಮಾರು 3ರಿಂದ 12 ಬಾರಿಯಷ್ಟು ಚುರುಕು ಎಂದು ಅಧ್ಯಯನದಲ್ಲಿ ಕಂಡುಬಂದಿತು. ಅಂತಸ್ತಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗ ಎಂಬ ಸ್ಥೂಲ ಲೆಕ್ಕದಲ್ಲಿ ಇದು ಒಂದರಿಂದ ಮೂರು ಅಂತಸ್ತಿನ ಕಟ್ಟಡಗಳ ಲಯ. ಹಾಗಾಗಿ ಹತ್ತಿರದ ಮಧ್ಯಮ ಭೂಕಂಪವೊಂದರಲ್ಲಿ ಹೆಚ್ಚು ಕಷ್ಟಕ್ಕೆ ಸಿಲುಕುವುದು ಪೀಣ್ಯದ ಸಣ್ಣ ಕಾರ್ಖಾನೆಗಳ ಇಟ್ಟಿಗೆ ಗೋಡೆಗಳು ಮತ್ತು ಕಚೇರಿಗಳ ಸುತ್ತ ಎದ್ದಿರುವ, ಕೆಳಗೆ ವಾಹನ ನಿಲ್ಲಿಸಲು ಬರಿಯ ಕಂಬಗಳ ಮೇಲೆ ನಿಲ್ಲಿಸಿದ ಬಾಡಿಗೆ ಮನೆ ಮತ್ತು ಪಿಜಿ ಕಟ್ಟಡಗಳು. ಕೆರೆಯಂಗಳ, ರಾಜಕಾಲುವೆಯ ಬದಿ ಮತ್ತು ಭರ್ತಿ ಮಾಡಿದ ತಗ್ಗುಗಳಲ್ಲಿ ಮಣ್ಣು ಆಳವೂ ಮೆತ್ತಗೂ ಆಗಿರುವುದರಿಂದ ಅಲ್ಲಿ ಲಯ ನಿಧಾನವಾಗುತ್ತದೆ, ಇನ್ನಷ್ಟು ಎತ್ತರದ ಕಟ್ಟಡಗಳೂ ಆ ವ್ಯಾಪ್ತಿಗೆ ಬರುತ್ತವೆ. ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಸರಣಿಯಲ್ಲಿ ನೀರು ಹರಿದುಬರುವ ತಗ್ಗಿನ ಉದ್ದಕ್ಕೂ ಕಟ್ಟಡ ಕಟ್ಟುವಾಗ ಪ್ರವಾಹದ ಜೊತೆಗೆ ಈ ಸಂಗತಿಯನ್ನೂ ಗಮನಿಸಬೇಕಾದುದು ಇದೇ ಕಾರಣದಿಂದ.

ದೂರದ ಮಹಾಭೂಕಂಪಗಳು ಇದಕ್ಕೆ ವಿರುದ್ಧವಾದ ಪರಿಣಾಮ ಬೀರುತ್ತವೆ. ಚುರುಕಾದ ಅಲೆಗಳು ದಾರಿಯಲ್ಲೇ ಸೊರಗಿ, ನಿಧಾನಗತಿಯ ಉದ್ದನೆಯ ಅಲೆಗಳು ಮಾತ್ರ ದೂರ ತಲುಪುತ್ತವೆ, ಅವುಗಳ ಲಯ ಎತ್ತರದ ಕಟ್ಟಡಗಳ ಲಯಕ್ಕೆ ಹತ್ತಿರ. 2012ರ ಏಪ್ರಿಲ್ 11ರಂದು ಸುಮಾತ್ರದ ಪಶ್ಚಿಮಕ್ಕೆ ಹಿಂದೂ ಮಹಾಸಾಗರದಲ್ಲಿ ಪರಿಮಾಣ 8.6ರ ಭೂಕಂಪವಾದಾಗ, ಸುಮಾರು 2,000 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಬಹುಮಹಡಿ ಕಚೇರಿಗಳ ನೌಕರರು ಓಲಾಟ ಅನುಭವಿಸಿ ಹೊರಗೆ ಬಂದರು. ಫಲಕದ ಅಂಚಿನಿಂದ ದೂರ, ಫಲಕದ ಒಳಗೇ ಸಂಭವಿಸಿದ ಆ ಭೂಕಂಪದಲ್ಲಿ ಸೀಳು ಒಂದೇ ಸ್ತರಭಂಗದಲ್ಲಿ ಹರಿಯದೆ, ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿದ್ದ ಹಲವು ಸ್ತರಭಂಗಗಳಿಗೆ ದಾಟುತ್ತ ಹೋಯಿತೆಂದು ಸಂಶೋಧಕರು ತೋರಿಸಿದರು. ಒಂದು ಬಿರುಕಿನ ತುದಿಗೆ ಬಂದ ಸೀಳು ಅಲ್ಲಿಯೇ ನಿಲ್ಲುತ್ತದೆಂಬ ಲೆಕ್ಕ ಯಾವಾಗಲೂ ನಡೆಯುವುದಿಲ್ಲ ಎಂಬ ಪಾಠವನ್ನು ಆ ಘಟನೆ ಭೂಕಂಪ ವಿಜ್ಞಾನಕ್ಕೆ ಕಲಿಸಿತು.

ಉಪಕರಣಗಳ ಜಾಲ ಇರುವುದರಿಂದ ಆಗುವ ಉಪಯೋಗವನ್ನು ಈ ಹೊರವಲಯವೇ 2020ರ ಮೇ 20ರಂದು ಕಂಡಿತು. ಅಂದು ಮಧ್ಯಾಹ್ನ ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಕಿಟಕಿಗಳು ಅದುರುವಂಥ ಭಾರಿ ಸದ್ದು ಕೇಳಿಸಿ ಭೂಕಂಪವೆಂಬ ಸುದ್ದಿ ಹಬ್ಬಿದಾಗ, ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತನ್ನ ಮಾಪಕಗಳಲ್ಲಿ ನೆಲದ ಕಂಪನ ದಾಖಲಾಗಿಲ್ಲವೆಂದು ತಿಳಿಸಿತು. ವಾಯುಪಡೆಯ ವಿಮಾನವೊಂದರ ಶಬ್ದಾತೀತ ವೇಗದ ಪರೀಕ್ಷಾ ಹಾರಾಟದಿಂದ ಆ ಸದ್ದು ಬಂದಿತ್ತೆಂದು ರಕ್ಷಣಾ ಇಲಾಖೆ ಅದೇ ದಿನ ಸ್ಪಷ್ಟಪಡಿಸಿತು. ಮರುವರ್ಷದ ಡಿಸೆಂಬರ್ 22ರಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಪರಿಮಾಣ ಸುಮಾರು 3ರ ಎರಡು ಕಂಪನಗಳು ನಿಜವಾಗಿಯೂ ದಾಖಲಾದವು. ಅದಕ್ಕೆ ಸ್ವಲ್ಪ ಮೊದಲು ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ ಸಣ್ಣ ಕಂಪನಗಳ ಸರಣಿಯಿಂದ ಜನ ರಾತ್ರಿಗಳನ್ನು ಮನೆಯ ಹೊರಗೆ ಕಳೆದಿದ್ದರು. ಚಿಕ್ಕಬಳ್ಳಾಪುರದ ಕಂಪನಕ್ಕೂ ಬೆಂಗಳೂರಿಗೆ ಪರಿಗಣಿಸಲಾದ 5.1ರ ಭೂಕಂಪಕ್ಕೂ ಇರುವ ಶಕ್ತಿಯ ಅಂತರ ಸಾವಿರ ಪಟ್ಟಿಗೂ ಹೆಚ್ಚು. ಸಣ್ಣ ಕಂಪನಗಳನ್ನು ಕಂಡು ಗಾಬರಿಪಡುವುದಕ್ಕೂ ಅವು ಮಾತ್ರ ಬರುತ್ತವೆಂದು ಸಮಾಧಾನ ಪಡುವುದಕ್ಕೂ ಸಮಾನವಾಗಿ ಆಧಾರವಿಲ್ಲ.

ಕಟ್ಟಡ ನಿಂತರೆ ಸಾಲದು, ಅದರೊಳಗಿನ ಯಂತ್ರವೂ ಕೆಲಸ ಮಾಡುತ್ತಿರಬೇಕೆಂಬ ವಿಚಾರ ಕೈಗಾರಿಕೆಯ ಕಡೆಯಿಂದ ಬಂದದ್ದು. 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನ ಸಂಸ್ಥೆಯಲ್ಲಿ, 3 ಮೀಟರ್ ಚೌಕದ, 10 ಟನ್ ಭಾರ ಹೊರಬಲ್ಲ ಕಂಪನ ವೇದಿಕೆಯೊಂದಿದೆ. ಅದು ಭೂಕಂಪದ ಚಲನೆಯನ್ನು ಮೂರು ದಿಕ್ಕುಗಳಲ್ಲಿಯೂ ಮರುಸೃಷ್ಟಿಸಿ, ಅದರ ಮೇಲಿಟ್ಟ ವಿದ್ಯುತ್ ಫಲಕ ಅಥವಾ ಯಂತ್ರ ನಡುಕದ ನಡುವೆಯೂ ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುತ್ತದೆ. ಪರಮಾಣು ಸ್ಥಾವರಗಳಿಗೂ ವಿದ್ಯುತ್ ಕೇಂದ್ರಗಳಿಗೂ ಹೋಗುವ ಸಾಮಗ್ರಿಗೆ ಇಂಥ ಪರೀಕ್ಷೆ ಕೇಳಲಾಗುತ್ತದೆ. ಆದರೆ ಒಂದು ಸಾಧಾರಣ ಕಾರ್ಖಾನೆಯ ಆಮ್ಲದ ತೊಟ್ಟಿ, ಎತ್ತರದ ಸಾಮಾನು ಅಟ್ಟಣೆ, ಕಚೇರಿಯ ಸರ್ವರ್ ಕೋಣೆಯ ಕಪಾಟು ಅಥವಾ ತಾರಸಿಯ ನೀರಿನ ಟ್ಯಾಂಕನ್ನು ನೆಲಕ್ಕೋ ಗೋಡೆಗೋ ಬಿಗಿಯುವ ಸರಳ ಕೆಲಸ ನಿರ್ಲಕ್ಷ್ಯಕ್ಕೆ ಸಿಗುವುದೇ ಹೆಚ್ಚು. ಮಧ್ಯಮ ಭೂಕಂಪದಲ್ಲಿ ಗಾಯಗಳಿಗೂ ಬೆಂಕಿಗೂ ರಾಸಾಯನಿಕ ಸೋರಿಕೆಗೂ ಮೊದಲ ಕಾರಣವಾಗುವುದು ಹೀಗೆ ಬಿಗಿಯದೆ ಬಿಟ್ಟ ವಸ್ತುಗಳೇ.

ಲ್ಯಾಂಬ್ಟನ್ನರ ಸರಪಳಿಯಿಂದ ಜಿಪಿಎಸ್‌ವರೆಗಿನ ಅಳತೆಗಳು ಬಂಡೆಯ ಕುರಿತು ಒಳ್ಳೆಯ ಸುದ್ದಿಯನ್ನೇ ತಂದಿವೆ. ಕೋಲಾರ, ಕೊಯ್ನಾ ಮತ್ತು ಕಿಲ್ಲಾರಿಗಳು ಆ ಸುದ್ದಿಯ ಮಿತಿಯನ್ನು ತೋರಿಸಿವೆ. ಬಂಡೆಯನ್ನು ಬದಲಿಸಲು ಯಾರಿಂದಲೂ ಆಗದು, ಮಣ್ಣಿನ ಮೇಲೆ ಏನನ್ನು ಹೇಗೆ ಕಟ್ಟಬೇಕೆಂಬುದು ಮಾತ್ರ ಸಂಪೂರ್ಣವಾಗಿ ಮನುಷ್ಯರ ಕೈಯಲ್ಲಿದೆ. ಕಾಂಕ್ರೀಟ್ ಕಂಬ ಮತ್ತು ತೊಲೆಗಳು ಸೇರುವಲ್ಲಿ ಕಬ್ಬಿಣದ ಉಂಗುರಗಳನ್ನು ಒತ್ತೊತ್ತಾಗಿ ಕಟ್ಟಿ, ನಡುಕದಲ್ಲಿ ಕಂಬ ಒಮ್ಮೆಗೇ ಮುರಿಯದೆ ಬಾಗುವಂತೆ ಮಾಡುವ ಕ್ರಮವನ್ನು ಐಎಸ್ 13920 ಸಂಹಿತೆ 1993ರಿಂದಲೂ ವಿವರಿಸುತ್ತ ಬಂದಿದೆ; ಕಡಿಮೆ ಅಪಾಯದ ವಲಯವೆಂಬ ಕಾರಣಕ್ಕೆ ಅದನ್ನು ಬದಿಗಿರಿಸದೆ, ಕಂಬಗಳ ಮೇಲೆ ನಿಂತ ಎಲ್ಲ ವಸತಿ ಕಟ್ಟಡಗಳಿಗೂ ಅನ್ವಯಿಸುವುದು ಹೆಚ್ಚಿನ ಖರ್ಚಿನ ಕೆಲಸವಲ್ಲ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ ಮತ್ತು ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ಮೆಟ್ರೊ ರೈಲು ತಲುಪಿದೆ. ಅದರ ಕಂಬಗಳಿಗಾಗಿಯೂ ಈ ಪಟ್ಟಿಗಳ ದೊಡ್ಡ ಕಟ್ಟಡಗಳ ಅಡಿಪಾಯಕ್ಕಾಗಿಯೂ ಕೊರೆದ ಕೊಳವೆಗಳ ಮಣ್ಣಿನ ವರದಿಗಳನ್ನು ಒಂದೆಡೆ ಸೇರಿಸಿದರೆ, 220 ಚದರ ಕಿಲೋಮೀಟರಿಗೆ ನಿಂತುಹೋದ ಕಿರುವಲಯ ನಕ್ಷೆಯನ್ನು ಇಡೀ ಹೊರವಲಯಕ್ಕೆ ವಿಸ್ತರಿಸಲು ಬೇಕಾದ ಮಾಹಿತಿಯ ದೊಡ್ಡ ಪಾಲು ದೊರೆಯುತ್ತದೆ. ದೇಶದ ಭೂಮಾಪನಕ್ಕೆ ಆಧಾರರೇಖೆಯನ್ನೂ ಹಿಮಾಲಯದ ಅಧ್ಯಯನಕ್ಕೆ ಆಧಾರಬಿಂದುವನ್ನೂ ಕೊಟ್ಟ ಬೆಂಗಳೂರು, ತನ್ನ ನೆಲದ ಮೇಲೆ ದುಡಿಯುವ ಮತ್ತು ಮಲಗುವ ಲಕ್ಷಾಂತರ ಜನರಿಗಾಗಿ ಅಂಥದೇ ನಿಖರವಾದ ಅಳತೆಯನ್ನು ಪೂರ್ತಿಗೊಳಿಸಿ, ಅದನ್ನು ಕಟ್ಟಡದ ಪರವಾನಗಿಗೆ ಆಧಾರವಾಗಿಸಬೇಕು.